ಘಟ್ಟದ ಮೇಲೆ ಕೂತು ಹಡಗಿನ ಶಬ್ದ ಬಿಡಿಸಿದ್ದು: ನನ್ನ ಅನುಭವ

ಹುಬ್ಬಳ್ಳಿ, ಗದಗ ಕಡೆಯ ಹಳೆಯ ಹತ್ತಿ ವ್ಯಾಪಾರದ ವಹಿ (ಲೆಕ್ಕದ ಪುಸ್ತಕ) ಓದುವವರಿಗೆ ಮೋಡಿ ಲಿಪಿ, ಅಂದರೆ ಮರಾಠಿಯ ಹಳೆಯ ಕೂಡುಬರಹ ಬರುತ್ತದೆ, ಖಂಡಿ-ಮಣದ ತೂಕದ ಲೆಕ್ಕವೂ ಬರುತ್ತದೆ. ಎಲ್ಲರೂ ಎಡವುವುದು ಬಂದರಿನ ಪುಟಗಳಲ್ಲಿ, ಹಡಗಿಗೆ ಸಂಬಂಧಿಸಿದ ಪದಗಳು ಬಂದಾಗ. ಗೋವಾದ ಮುರಗಾಂವ್‌ಗೆ ರೈಲು ಹೋಗುವ ಮುಂಚೆ ನಮ್ಮ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ, ಕಾರವಾರದಲ್ಲಿ ಹಡಗೇರುತ್ತಿತ್ತು. ಧಾರವಾಡದ ಜವಾರಿ ಹತ್ತಿಗೆ ಮುಂಬೈ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ನಿಂತಿತ್ತು. ‘ಸಮುದ್ರ ಕಾಣದ ಊರಾಗ ಕೂತು ಹಡಗಿನ ಶಬ್ದ ಏನ್ ಬಿಡಸ್ತೀರಿ’ ಎಂದವರು ಬಹಳ. ಈಗ ಮುನ್ನೂರರ ಆಸುಪಾಸು ಶಬ್ದ ಬಿಡಿಸಿದ್ದೇನೆ. ಅಂದವರೇ ಪಟ್ಟಿ ಕೇಳುತ್ತಿದ್ದಾರೆ.

ನಿಘಂಟನ್ನು ಮೊದಲು ತೆರೆದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕಿಟ್ಟೆಲ್ (1894) ಆಗಲಿ, ಮರಾಠಿ ಕೋಶಗಳಾಗಲಿ ಅರ್ಥಗಳನ್ನು ಸಾಲಾಗಿ ಕೊಡುತ್ತವೆ, ಆರಿಸುವುದು ನಮ್ಮ ಪಾಲು. ಒಕ್ಕಲುತನದ ಸೀಮೆಯವರ ಕೈ ಸೀದಾ ತಪ್ಪು ಅರ್ಥಕ್ಕೇ ಹೋಗುತ್ತದೆ. ‘ನಾಂಗರ’ ಕಂಡರೆ ನೇಗಿಲು ಅನ್ನುತ್ತೇವೆ; ಮರಾಠಿಯಲ್ಲಿ ಲಂಗರಿಗೂ ಅದೇ ಶಬ್ದ. ‘ಧಕ್ಕೆ’ ನಮಗೆ ಪೆಟ್ಟು, ಹಾನಿ. ಕರಾವಳಿಯಲ್ಲಿ ಹಡಗು ಹತ್ತುವ ಕಟ್ಟೆ. ‘ಖಲಾಸಿ’ ಎಂದರೆ ಹುಬ್ಬಳ್ಳಿಯವರಿಗೆ ರೈಲ್ವೆ ವರ್ಕ್‌ಶಾಪ್ ಬಿಟ್ಟು ಬೇರೇನೂ ನೆನಪಾಗದು. ವಹಿಯಲ್ಲಿ ಅವನು ಹಡಗಿನ ಆಳು.

ಆದ್ದರಿಂದ ವಹಿಯಲ್ಲಿ ಶಬ್ದ ಸಿಕ್ಕ ಕಡೆಗೊಂದು ಕಾರ್ಡು ಮಾಡಿ, ಅದರ ಮೇಲೆ ಶಬ್ದಕ್ಕಿಂತ ಮೊದಲು ಕ್ರಿಯಾಪದ ಬರೆಯುತ್ತೇನೆ. ನಾಂಗರ ‘ಧರಿಸಿದರೆ’ (ಹಿಡಿದರೆ) ಹೊಲ, ‘ಟಾಕಿದರೆ’ (ಹಾಕಿದರೆ) ಸಮುದ್ರ. ಮಾಲಿಗೆ ‘ಧಕ್ಕೆ ಬಂತು’ ಅಂದರೆ ನುಕಸಾನು, ಮಾಲು ‘ಧಕ್ಕೆಗೆ ಬಂತು’ ಅಂದರೆ ಮುಟ್ಟಿತು. ಆಮೇಲೆ ಅದೇ ಕಾರ್ಡಿನಲ್ಲಿ ತೂಕ, ತಿಥಿ, ಹಣ ಯಾರಿಂದ ಯಾರಿಗೆ. ಒಂದು ಕಾರ್ಡಿನಿಂದ ಏನೂ ತಿಳಿಯದು. ಒಂದೇ ಶಬ್ದಕ್ಕೆ ಐದಾರು ಕೂಡಿದ ಮೇಲಷ್ಟೇ ನಿಘಂಟು.

‘ಸುಕಾಣ’ದ ಮಾತು ತೆಗೆದುಕೊಳ್ಳಿ. ಅರಬ್ಬಿ ಸುಕ್ಕಾನ್‌ನಿಂದ ಮರಾಠಿಯಲ್ಲಿ ಸುಕಾಣು, ಕನ್ನಡದಲ್ಲಿ ಚುಕ್ಕಾಣಿ. ಎರಡೂ ವಸ್ತುವಿನ ಹೆಸರು. ಆದರೆ ‘ಸುಕಾಣಿ’ ಅದನ್ನು ಹಿಡಿಯುವ ಮನುಷ್ಯ. ಕನ್ನಡ ಕಿವಿ ‘ಸುಕಾಣಿ’ಯನ್ನು ಚುಕ್ಕಾಣಿಯೆಂದೇ ಕೇಳಿಬಿಡುತ್ತದೆ. ಮೋಡಿ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಕೊನೆಯ ಅಕ್ಷರದ ಕೊಂಬು ಮುಂದಿನ ಪದಕ್ಕೆ ಅಂಟಿರುತ್ತದೆ. ಆಗ ರಕಮು ನೋಡಬೇಕು: ತಿಂಗಳಿಗೊಮ್ಮೆ ಬಂದರೆ ಪಗಾರ, ಅಂದರೆ ಮನುಷ್ಯ, ಬಡಗಿಯ ಲೆಕ್ಕದಲ್ಲಿ ಒಮ್ಮೆ ಬಂದು ಹೋದರೆ ಕಟ್ಟಿಗೆಯ ಚುಕ್ಕಾಣಿ.

ತೂಕದಲ್ಲೂ ಹುಷಾರು. ಮುಂಬೈ ಖಂಡಿ ಸಾಮಾನ್ಯ ಮಾಲಿಗೆ 560 ಪೌಂಡ್, ಹತ್ತಿಗೆ 784. ಇಂದಿಗೂ ಪೇಟೆಯಲ್ಲಿ ಕ್ಯಾಂಡಿ ಅಂದರೆ 356 ಕಿಲೋ ಅನ್ನುವುದು ಅದೇ ಲೆಕ್ಕ. 40 ಖಂಡಿ ಹೊತ್ತ ಮಚವೆ ಎಂಬ ಸಣ್ಣ ಹಡಗಿನಲ್ಲಿ ಈ ಎರಡನ್ನು ಅದಲುಬದಲು ಮಾಡಿದರೆ ನಾಲ್ಕು ಟನ್ ವ್ಯತ್ಯಾಸ. ಸಣ್ಣ ಮಚವೆ ಹೋಗಿ ದೊಡ್ಡ ಹಡಗಾದ ಪತ್ತೇಮಾರಿ ಆಗಿಬಿಡುತ್ತದೆ! ಪತ್ತೇಮಾರಿಯೂ ಸರಳವಲ್ಲ: ಹಳೆಯ ಕಾಗದಗಳಲ್ಲಿ ಅದು ಹಡಗೂ ಹೌದು, ಕಾಲ್ನಡಿಗೆಯಲ್ಲಿ ಟಪಾಲು ಒಯ್ಯುವವನೂ ಹೌದು. ತಿಥಿ ಮಳೆಗಾಲದ್ದಾಗಿದ್ದರೆ ಓಡಿದವನು ಮನುಷ್ಯನೇ ಇರಬೇಕು, ಆಗ ಬಂದರು ಬಂದ್. ಹಡಗು ಮತ್ತೆ ನೀರಿಗಿಳಿಯುತ್ತಿದ್ದುದು ನೂಲ ಹುಣ್ಣಿಮೆಯ ನಂತರ.

ಇಷ್ಟಾದ ಮೇಲೆ ಕರಾವಳಿ. ಅಲ್ಲಿ ‘ಈ ಶಬ್ದಕ್ಕೆ ಅರ್ಥ ಏನ್ರಿ’ ಅಂತ ಕೇಳಿದರೆ ಮರ್ಯಾದೆಗಾದರೂ ಏನೋ ಒಂದು ಹೇಳುತ್ತಾರೆ. ವಸ್ತು ತೋರಿಸಿ ಹೆಸರು ಕೇಳಬೇಕು. ಮೊಬೈಲ್ ಫೋಟೊ ಸಾಗಲಿಲ್ಲ. ದೋಣಿ ಯಾರದು ಎಂಬ ಚರ್ಚೆಯೇ ಅರ್ಧ ಗಂಟೆ. ಕೆಲಸ ಕೊಟ್ಟದ್ದು ಮರದ ಮಾದರಿ: ಎರಡೂವರೆ ಅಡಿ ಉದ್ದ, ಕೂವೆಮರ, ಹಾಯಿ, ಚುಕ್ಕಾಣಿ ಎಲ್ಲ ಬಿಚ್ಚಿ ಕೈಗೆ ಕೊಡುವಂತಿರಬೇಕು. ಧಾರವಾಡದ ಬಡಗಿಗೆ ಮೂರು ಸಾವಿರದ ಮೇಲೆ ಕೊಟ್ಟ ನೆನಪು. ಚುಕ್ಕಾಣಿಗೆ ಅಂಟು ಹಾಕಿಸಬೇಡಿ, ಹಿತ್ತಾಳೆ ಮೊಳೆಯ ಮೇಲೆ ಕೂರಿಸಿ. ಖಾರ್ವಿ, ಅಂಬಿಗ, ಹರಿಕಂತ್ರ ಸಮುದಾಯಗಳ ಹಿರಿಯರು ಅದನ್ನು ತಿರುಗಿಸಿ ನೋಡಿಯೇ ಮಾತು ಶುರು ಮಾಡುವುದು. ಇಬ್ಬರನ್ನು ಬೇರೆ ಬೇರೆ ಕೇಳಿ, ಹೆಸರು ಕೂಡಿದರೆ ಮಾತ್ರ ಕಾರ್ಡಿಗೆ ಕೆಂಪು ಗುರುತು. ತದಡಿಯ ಹೆಸರು ಭಟ್ಕಳದಲ್ಲಿ ಕೂಡದಿದ್ದರೆ ಗಾಬರಿ ಬೇಡ, ಎರಡನ್ನೂ ಬರೆಯಿರಿ. ಯಾವ ಭಾಗವನ್ನು ಬೇಕೆಂತಲೇ ತಲೆಕೆಳಗಾಗಿ ಜೋಡಿಸಿ ಒಯ್ಯುತ್ತೇನೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ; ಅರ್ಧ ಶಬ್ದ ಅದರಿಂದಲೇ ಸಿಕ್ಕಿವೆ.

ದುಡ್ಡು ಹೋಗುವುದು ಝೆರಾಕ್ಸ್‌ಗೆ ಮತ್ತು ಹಿರಿಯರ ಅರ್ಧ ದಿನದ ಕೂಲಿಗೆ. ಐದುನೂರು ಕೊಡಿ, ಚೌಕಾಸಿ ಬೇಡ. ಮೋಡಿ ಪುಟಗಳನ್ನು ಕಂಪ್ಯೂಟರಿನಿಂದ ಓದಿಸುವ ಪ್ರಯೋಗಕ್ಕೆ ಹೋದ ನಾಲ್ಕೈದು ಸಾವಿರ ನೀರಲ್ಲಿಟ್ಟ ಹೋಮ. ಗಾಳಿಯ ಹೆಸರುಗಳನ್ನೂ ಹೀಗೇ ಹಿಡಿಯಲು ನೋಡಿದ್ದುಂಟು; ಗಾಳಿಗೆ ಮಾದರಿ ಎಲ್ಲಿಂದ ತರುವುದು, ಅದು ಅರ್ಧಕ್ಕೇ ನಿಂತಿದೆ.

ಹೋಗುವುದಾದರೆ ಜೂನ್-ಜುಲೈನಲ್ಲಿ ಹೋಗಿ. ಯಾಂತ್ರಿಕ ಬೋಟುಗಳಿಗೆ 61 ದಿನ ನಿಷೇಧ, ದಡಕ್ಕೆ ಎಳೆದ ಬೋಟುಗಳ ದುರಸ್ತಿ ನಡೆದಿರುತ್ತದೆ, ಜನರ ಕೈಯಲ್ಲಿ ಹೊತ್ತಿರುತ್ತದೆ. ಹೊರಡುವ ಮುಂಚೆ ಕರಾವಳಿಗಿಳಿಯುವ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದಿಲ್ಲವಷ್ಟೇ ಎಂದು ವಿಚಾರಿಸಿಕೊಳ್ಳಿ, ಕಾರ್ಡುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.