ಹಳೆಯ ಮಲಬದ್ಧತೆ: ಮೊದಲು ಏನು ಮಾಡಬೇಕು, ಚೂರ್ಣ ಯಾವಾಗ

ಹೊಟ್ಟೆ ಕಟ್ಟಿತು ಎಂದ ಕೂಡಲೇ ‘ರಾತ್ರಿ ಒಂದು ಚಮಚ, ಬೆಳಗ್ಗೆ ಸಾಫ್’ ಎನ್ನುವ ಚೂರ್ಣದ ಡಬ್ಬಿ ತರುವುದು ರೂಢಿ. ಆ ಡಬ್ಬಿಯ ಹಿಂಬದಿ ಓದಿ ನೋಡಿ. ಹಲವದರಲ್ಲಿ ಸೋನಾಮುಖಿ ಎಲೆ ಇರುತ್ತದೆ. ಅದು ಕರುಳನ್ನು ಕೆರಳಿಸಿ ಹಿಂಡಿಸುವ ಔಷಧ. ಅಪರೂಪಕ್ಕೆ ಒಂದೆರಡು ದಿನ ತೆಗೆದುಕೊಂಡರೆ ತೊಂದರೆಯಿಲ್ಲ. ಪ್ರಮಾಣ ಏರಿಸುತ್ತಾ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆನುಲಿತ, ನೀರಿನಂಥ ಭೇದಿ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುವುದು ಇವೆಲ್ಲ ಬರಬಹುದು. ಕೊನೆಗೆ ಬರಬೇಕಾದ ಔಷಧದಿಂದಲೇ ಬಹಳ ಜನ ಶುರು ಮಾಡುತ್ತಾರೆ.

ದಿನಾ ಹೋಗದಿದ್ದರೆ ಅದೇ ಕಾಯಿಲೆ ಎಂದುಕೊಳ್ಳಬೇಡಿ. ದಿನ ಬಿಟ್ಟು ದಿನ, ಮೆತ್ತಗೆ, ತಿಣುಕದೆ ಆಗುತ್ತಿದ್ದರೆ ಅದು ನಿಮ್ಮ ದೇಹದ ಕ್ರಮ. ವಾರಕ್ಕೆ 3 ಸಲಕ್ಕಿಂತ ಕಡಿಮೆ, ಆಡಿನ ಹಿಕ್ಕೆಯಂಥ ಗಟ್ಟಿ ಮಲ, ತಿಣುಕಾಟ, ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನ್ನಿಸುವುದು, ಇವು 3 ತಿಂಗಳಿಗೂ ಮೀರಿ ಇದ್ದರೆ ಅದು ಹಳೆಯ ಮಲಬದ್ಧತೆ.

ಮನೆಮದ್ದಿಗೆ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಮಲದಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, 45-50 ದಾಟಿದ ಮೇಲೆ ಹೊಸದಾಗಿ ಶುರುವಾದ ಬದಲಾವಣೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದ ಹಿನ್ನೆಲೆ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅಂದೇ ಆಸ್ಪತ್ರೆ. ಎರಡನೆಯದು, ನೀವು ನುಂಗುತ್ತಿರುವ ಮಾತ್ರೆಗಳು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಆಮ್ಲಶಾಮಕಗಳು, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ಬಿಪಿ ಮತ್ತು ಮಾನಸಿಕ ಔಷಧಿಗಳು ಮಲ ಕಟ್ಟಿಸುತ್ತವೆ. ಥೈರಾಯ್ಡ್ ಕಡಿಮೆ ಇದ್ದರೂ ಹಾಗೇ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಬದಲಿ ಇದೆಯೇ ಎಂದು ಕೇಳಿ.

ಕೂರುವ ಹೊತ್ತು, ಕೂರುವ ರೀತಿ

ಆಯುರ್ವೇದದಲ್ಲಿ ಮಲವನ್ನು ಕೆಳಗೆ ತಳ್ಳುವ ಕೆಲಸ ಅಪಾನ ವಾಯುವಿನದು. ತಡೆಯಬಾರದು ಎಂದು ಚರಕ ಸಂಹಿತೆ ಹೇಳುವ 13 ವೇಗಗಳಲ್ಲಿ, ಅಂದರೆ ದೇಹದ ಸಹಜ ಒತ್ತಡಗಳಲ್ಲಿ, ಮಲದ ವೇಗವೂ ಒಂದು. ಸುಮ್ಮನೆ ಹೇಳಿದ್ದಲ್ಲ. ಒತ್ತಡ ಬಂದಾಗ ತಡೆದರೆ ಆ ಸೂಚನೆ ಅಡಗುತ್ತದೆ, ಮಲ ಒಳಗೇ ಉಳಿದು ಕರುಳು ಅದರ ನೀರು ಹೀರುತ್ತದೆ, ಮಾರನೆಯ ದಿನ ಅದು ಇನ್ನೂ ಗಟ್ಟಿ. ಶಾಲೆಯ ಶೌಚಾಲಯ ಸರಿಯಿಲ್ಲದ ಮಕ್ಕಳಿಗೆ, ಬೆಳಗಿನ ಬಸ್ಸು ಹಿಡಿಯುವವರಿಗೆ ರೋಗ ಶುರುವಾಗುವುದು ಹೆಚ್ಚಾಗಿ ಇಲ್ಲೇ.

ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗಿನ ಹೊತ್ತು ಇನ್ನೂ ಜೋರು. ಹಾಗಾಗಿ ಎದ್ದು ಬಿಸಿನೀರೋ ಕಾಫಿಯೋ ಕುಡಿದು, ತಿಂಡಿ ಮುಗಿಸಿ, ಅರ್ಧ ಗಂಟೆಯೊಳಗೆ ಕೂರಿ. ಒತ್ತಡ ಬರಲಿ ಬಿಡಲಿ, ದಿನವೂ ಅದೇ ಹೊತ್ತಿಗೆ. 10 ನಿಮಿಷ ಸಾಕು. ಆಗದಿದ್ದರೆ ಎದ್ದು ಬನ್ನಿ. ಮೊಬೈಲ್ ಹಿಡಿದು ಅರ್ಧ ಗಂಟೆ ಕೂತರೆ ಬರುವುದು ಮೂಲವ್ಯಾಧಿ.

ಕಮೋಡ್ ಇರುವ ಮನೆಯಲ್ಲಿ ಪಾದದಡಿ 15ರಿಂದ 20 ಸೆಂ.ಮೀ. ಎತ್ತರದ ಮಣೆ ಇಡಿ. ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಮುಂದೆ ಬಾಗಿ, ಮೊಣಕೈ ತೊಡೆಯ ಮೇಲೂರಿ, ಬಾಯಿ ತೆರೆದು ಉಸಿರು ಬಿಡುತ್ತಾ ಹೊಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ. ಉಸಿರು ಬಿಗಿ ಹಿಡಿದು ತಿಣುಕಿದರೆ ಗುದದ ಸ್ನಾಯುವೂ ಬಿಗಿಯಾಗಿ ದಾರಿ ಮುಚ್ಚುತ್ತದೆ.

ಊಟ

ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 11 ಗ್ರಾಂ ಇದೆ, ಪಾಲಿಷ್ ಅಕ್ಕಿಯಲ್ಲಿ ಸುಮಾರು 3. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಮೊಸರು ಎಂದರೆ ಲೆಕ್ಕ ಅರ್ಧಕ್ಕೂ ಬರುವುದು ಕಷ್ಟ. ಒಂದು ಹೊತ್ತು ಮುದ್ದೆ ಅಥವಾ ರಾಗಿರೊಟ್ಟಿ, ಒಂದು ಬಟ್ಟಲು ಹರಿವೆ ಅಥವಾ ಬಸಳೆ ಸೊಪ್ಪಿನ ಪಲ್ಯ, ಕಾಳು ಹಾಕಿದ ಹುಳಿ, ಬೀಜ ಸಮೇತ ಒಂದು ಸೀಬೆಹಣ್ಣು ಸೇರಿಸಿ. ಎಲ್ಲವನ್ನೂ ಒಂದೇ ದಿನ ಶುರು ಮಾಡಿದರೆ ಹೊಟ್ಟೆಯುಬ್ಬರ ಬಂದು ವಾರದಲ್ಲೇ ಕೈಬಿಡುತ್ತೀರಿ. ಎರಡು ಮೂರು ವಾರ ಹಿಡಿದು ಏರಿಸಿ. ನೀರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಹೃದಯ, ಕಿಡ್ನಿ ತೊಂದರೆಯವರು ವೈದ್ಯರು ಹೇಳಿದಷ್ಟೇ. ನಾರಿಲ್ಲದೆ ಬರೀ ನೀರು ಹೆಚ್ಚಿಸಿದರೆ ಅದು ಮೂತ್ರವಾಗಿ ಹೋಗುತ್ತದೆ, ಅಷ್ಟೇ.

ರಾತ್ರಿ ನೆನೆಸಿದ 10-15 ಕಪ್ಪು ಒಣದ್ರಾಕ್ಷಿಯನ್ನು ಬೆಳಗ್ಗೆ ನೀರಿನೊಂದಿಗೇ ತಿನ್ನಬಹುದು. ಸಂಜೆ ಅರ್ಧ ಗಂಟೆ ಚುರುಕಾದ ನಡಿಗೆ.

ಇಸಬ್‌ಗೋಲ್, ಆಮೇಲೆ ತ್ರಿಫಲ

ಮೇಲಿನದ್ದನ್ನು ಮೂರು ವಾರ ಮಾಡಿಯೂ ಸಾಲದಿದ್ದರೆ ಇಸಬ್‌ಗೋಲ್ ಹೊಟ್ಟು. ಮೊದಲ ವಾರ 1 ಟೀ ಚಮಚ, ಆಮೇಲೆ 2. ದೊಡ್ಡ ಲೋಟದಲ್ಲಿ 250 ಮಿ.ಲೀ. ನೀರಿಗೆ ಉದುರಿಸಿ, ಕದಡಿ, ತಕ್ಷಣ ಕುಡಿಯಿರಿ. ಎರಡು ಮೂರು ನಿಮಿಷ ಬಿಟ್ಟರೆ ಲೋಳೆಯಾಗಿ ಚಮಚಕ್ಕೆ ಅಂಟುತ್ತದೆ, ಕುಡಿಯಲು ವಾಕರಿಕೆ. ಅದರ ಮೇಲೆ ಇನ್ನೊಂದು ಲೋಟ ನೀರು ಕುಡಿಯಲೇಬೇಕು. ಒಣ ಹೊಟ್ಟನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಕಟ್ಟಬಹುದು. ನುಂಗಲು ಕಷ್ಟವಿರುವವರಿಗೆ ಇದು ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ 2 ಗಂಟೆ ಅಂತರವಿರಲಿ. ಗುಣ ಕಾಣಲು ಎರಡು ಮೂರು ದಿನ ಬೇಕು, ತೀರ್ಮಾನಕ್ಕೆ ನಾಲ್ಕು ವಾರ.

ತ್ರಿಫಲ ಎಂದರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಮನೆಯಲ್ಲಿ ಮಾಡುವುದಾದರೆ ಬೀಜ ತೆಗೆದ ಮೇಲೆ ಮೂರೂ ಸಮತೂಕ ಬರಬೇಕು. ಕಾಯಿ ಲೆಕ್ಕದಲ್ಲಿ ಸಮ ಹಾಕಿದರೆ ಪ್ರಮಾಣ ತಪ್ಪುತ್ತದೆ. ಚೆನ್ನಾಗಿ ಒಣಗಿದ್ದನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಗಂಟು ಕಟ್ಟಿ ಬೂಷ್ಟು ಬರುತ್ತದೆ, ಹಾಗಾಗಿ ಎರಡು ತಿಂಗಳಿಗೆ ಆಗುವಷ್ಟೇ ಮಾಡಿ. ಅಂಗಡಿಯದಾದರೆ ಪರವಾನಗಿ ಸಂಖ್ಯೆ ನೋಡಿ ಕೊಳ್ಳಿ.

ರಾತ್ರಿ ಮಲಗುವಾಗ 3 ಗ್ರಾಂ, ಅಂದರೆ ಮಟ್ಟಸವಾಗಿ ಸುಮಾರು ಒಂದು ಟೀ ಚಮಚ, ಬಿಸಿನೀರಿನಲ್ಲಿ. ವಾರ ಕಳೆದರೂ ಸಾಲದಿದ್ದರೆ 5 ಗ್ರಾಂವರೆಗೆ. ಮಲ ನೀರಾದರೆ ಅರ್ಧಕ್ಕಿಳಿಸಿ. ತ್ರಿಫಲದಲ್ಲಿ ಒಗರು ಜಾಸ್ತಿ. ಮೈ ಒಣಗಿ, ಮಲ ಕಲ್ಲಿನಂತಿರುವವರಿಗೆ ವೈದ್ಯರು ಒಂದು ಚಮಚ ತುಪ್ಪ ಸೇರಿಸಿ ಕೊಡುವುದು ಇದಕ್ಕೇ. ಆ ಒಗರು ಕಬ್ಬಿಣಾಂಶ ಹೀರುವುದನ್ನೂ ತಡೆಯುತ್ತದೆ, ಕಬ್ಬಿಣದ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಬಸುರಿಯರಿಗೆ ಇದು ಬೇಡ. ಸಕ್ಕರೆ ಕಾಯಿಲೆಯ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಕೇಳಿ ತೆಗೆದುಕೊಳ್ಳಿ.

ಹರಳೆಣ್ಣೆ ದಿನದ ಔಷಧವಲ್ಲ. ನಾಲ್ಕೈದು ದಿನ ಕಟ್ಟಿಕೊಂಡಾಗ ದೊಡ್ಡವರಿಗೆ 2 ಟೀ ಚಮಚ, ಬಿಸಿ ಹಾಲಿನಲ್ಲಿ, ಒಂದೇ ಸಲ. ಹೊಟ್ಟೆನೋವಿದ್ದಾಗ, ಬಸುರಿನಲ್ಲಿ ಮುಟ್ಟಲೇಬಾರದು.

ನಾರು ಹೆಚ್ಚಿಸಿದಷ್ಟೂ ಉಬ್ಬರ ಏರಿ, ಮೆತ್ತಗಿನ ಮಲಕ್ಕೂ ತಿಣುಕಬೇಕಾಗಿದ್ದರೆ, ಬೆರಳಿನ ಸಹಾಯ ಬೇಕಾಗುತ್ತಿದ್ದರೆ, ದೋಷ ಬಹುಶಃ ಗುದದ ಸ್ನಾಯು ಸಡಿಲವಾಗದಿರುವುದರಲ್ಲಿದೆ. ಅಲ್ಲಿ ಯಾವ ಚೂರ್ಣವೂ ಸಾಲದು. ಗ್ಯಾಸ್ಟ್ರೋಎಂಟರಾಲಜಿಸ್ಟ್ ಪರೀಕ್ಷಿಸಿ ಬಯೋಫೀಡ್‌ಬ್ಯಾಕ್ ಎಂಬ ಸ್ನಾಯು ತರಬೇತಿ ಕೊಡಿಸುತ್ತಾರೆ. ವಯಸ್ಸಾದವರು ದಿನಗಟ್ಟಲೆ ಕಟ್ಟಿಕೊಂಡು, ಆಮೇಲೆ ನೀರುನೀರಾಗಿ ಸೋರುತ್ತಿದ್ದರೆ ಭೇದಿಯೆಂದು ನಿಲ್ಲಿಸುವ ಮಾತ್ರೆ ಕೊಡಬೇಡಿ. ಒಳಗೆ ಗಟ್ಟಿ ಮಲ ಅಡ್ಡವಾಗಿ, ಅದರ ಪಕ್ಕದಿಂದ ಸೋರುತ್ತಿರಬಹುದು.

ವರ್ಷಗಟ್ಟಲೆ ಸೋನಾಮುಖಿ ಚೂರ್ಣ ನುಂಗುತ್ತಿರುವವರು ಒಮ್ಮೆಲೇ ಬಿಟ್ಟರೆ ಮೂರು ದಿನ ಏನೂ ಆಗದೆ ಗಾಬರಿಯಿಂದ ಮತ್ತೆ ಅದಕ್ಕೇ ಮರಳುತ್ತಾರೆ. ಇಸಬ್‌ಗೋಲ್ ಶುರು ಮಾಡಿ ಎರಡು ವಾರ ಕಳೆದ ಮೇಲೆ ಚೂರ್ಣವನ್ನು ಮುಕ್ಕಾಲಿಗಿಳಿಸಿ, ಇನ್ನೆರಡು ವಾರಕ್ಕೆ ಅರ್ಧ, ಆಮೇಲೆ ದಿನ ಬಿಟ್ಟು ದಿನ. ನಡುವೆ ಕಟ್ಟಿದರೆ ಒಂದು ಹೆಜ್ಜೆ ಹಿಂದಕ್ಕೆ ಬಂದು ಅಲ್ಲೇ ಇನ್ನೊಂದು ವಾರ ನಿಲ್ಲಿ.