ಟುರೋನ್‌ಗೆ ಗಾಜಿನಂಥ ಸಕ್ಕರೆ ಹೊದಿಕೆ ಬರಬೇಕಾದರೆ

ಫಿಲಿಪೀನ್ಸ್‌ನ ಬಾಳೆಹಣ್ಣಿನ ಸುರುಳಿ ತಿಂಡಿ ಟುರೋನ್ ಕರಿಯುವಾಗ ಕಂದು ಸಕ್ಕರೆಯನ್ನು ಕಾದ ಎಣ್ಣೆಗೇ ಉದುರಿಸಿ, ಆರು ಸುರುಳಿಗೆ ಕಾಲು ಕಪ್ ಸಾಕು. ಆದರೆ ಹಣ್ಣು ಸುತ್ತಿದ ಲುಂಪಿಯಾ ಹಾಳೆ (ಸ್ಪ್ರಿಂಗ್ ರೋಲ್‌ನಂಥ ತೆಳು ಹಿಟ್ಟಿನ ಹಾಳೆ) ತಿಳಿ ಹೊಂಬಣ್ಣಕ್ಕೆ ತಿರುಗಿದ ಮೇಲೆಯೇ ಹಾಕಿ, ಬೇಗನೆ ಹೊರಳಿಸುತ್ತಾ ಇರಿ. ಸಕ್ಕರೆ ಎಣ್ಣೆಯಲ್ಲಿ ಕರಗಿ ಬೆರೆಯುವುದಿಲ್ಲ, ಪಾಕವಾಗಿ ಹಾಳೆಗೆ ಅಂಟಿಕೊಂಡು ಆರಿದಾಗ ಗರಿಗರಿಯಾಗುತ್ತದೆ. ಮೊದಲೇ ಹಾಕಿದರೆ ಹಾಳೆ ಬೇಯುವಷ್ಟರಲ್ಲಿ ಸಕ್ಕರೆ ಸೀದು ಕಹಿ. ಎಣ್ಣೆ ಹೊಗೆಯಾಡಿದರೂ ಅದೇ ಗತಿ; 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ. ಕರಿದದ್ದನ್ನು ದಯವಿಟ್ಟು ಟಿಶ್ಯೂ ಮೇಲೆ ಹಾಕಬೇಡಿ, ಕಾಗದ ಅಂಟಿದರೆ ಬಿಡಿಸಲಾಗದು; ಜಾಲರಿ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ಫಿಲಿಪೀನ್ಸ್‌ನ ಸಾಬಾ ಬಾಳೆ ಸಿಗದಿದ್ದರೆ ನೇಂದ್ರ ಆದೀತು, ಪೂರ್ತಿ ಮೆತ್ತಗಾದದ್ದು ಬೇಡ, ನೀರು ಬಿಟ್ಟು ಹಾಳೆ ಒಡೆಯುತ್ತದೆ. ಮಳೆಗಾಲದ ತೇವಕ್ಕೆ ಹೊದಿಕೆ ಬೇಗ ಜಿಗುಟಾಗುವುದರಿಂದ ಆಗ ಬಡಿಸುವ ಹೊತ್ತಿಗೇ ಕರಿಯಿರಿ.