ಗೂಟದ ಹಿಂದೆ ಗೂಟ: ಮೇಷ್ಟ್ರ ಕುಡಿಕೆ ನನಗೆ ಸಿಕ್ಕಿದ ಬಗೆ

"ಅದು ಚಿತ್ರ ಮಾರಾಯ, ಸರ್ವೆ ನಕ್ಷೆ ಅಲ್ಲ." ಚಿತ್ರದ ಸುಳಿವು ಹಿಡಿದು, ಮೇಷ್ಟ್ರು ಹೂತಿಟ್ಟ ಕುಡಿಕೆ ಹುಡುಕುವ ಆಟದಲ್ಲಿ ಜೊತೆಯವರಿಂದ ಈ ಮಾತನ್ನು ಹದಿನಾಲ್ಕು ತಿಂಗಳು ಕೇಳಿದ್ದೇನೆ. ಹೋದ ಅಕ್ಟೋಬರಿನಲ್ಲಿ ಕುಡಿಕೆ ಸಿಕ್ಕಿತು. ನಾನು ಗುರುತು ಹಾಕಿದ ಜಾಗದಿಂದ ನಾಲ್ಕು ಅಡಿ ಆಚೆ ಇತ್ತು, ಅಷ್ಟೇ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಜಾಗದ ಹೆಸರು ಮಾತ್ರ ಹೇಳಲ್ಲ. ಅದು ಚಿಕ್ಕಮಗಳೂರು ಪೇಟೆಯೊಳಗಿನ ಒಬ್ಬರ ಸ್ವಂತ ಜಾಗ. ಮೇಷ್ಟ್ರು ಅದನ್ನು ಮತ್ತೆ ಬಳಸುವವರಿದ್ದಾರೆ.

ಆಟ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಮೂರು ಚಿತ್ರ ಬರೆದು, ಎರಡು ಸಾಲು ಪದ್ಯ ಕೊಟ್ಟು, ಊರೊಳಗೆ ಒಂದು ಮಣ್ಣಿನ ಕುಡಿಕೆ ಹೂತರು. ತಲೆಗೆ ಐನೂರು ರೂಪಾಯಿ. ಇಪ್ಪತ್ತೆರಡೋ ಇಪ್ಪತ್ಮೂರೋ ಜನ ಸೇರಿದ್ದೆವು. ಅವರಿಗೆ ಈ ಹುಚ್ಚು ಹತ್ತಿದ್ದು 1982ರಲ್ಲಿ ಅಮೆರಿಕದಲ್ಲಿ ಬಂದ 'ದಿ ಸೀಕ್ರೆಟ್' ಅನ್ನುವ ಪುಸ್ತಕದ ಆಟದಿಂದ. ಅಲ್ಲಿ 12 ಚಿತ್ರ, 12 ಪದ್ಯ ಇದ್ದವು. ಯಾವ ಚಿತ್ರಕ್ಕೆ ಯಾವ ಪದ್ಯ ಅನ್ನುವುದನ್ನೂ ಹೇಳಿರಲಿಲ್ಲ. ಹೂತ 12ರಲ್ಲಿ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಮೂರು: 1983ರಲ್ಲಿ ಶಿಕಾಗೊ, 2004ರಲ್ಲಿ ಕ್ಲೀವ್‌ಲ್ಯಾಂಡ್, 2019ರಲ್ಲಿ ಬಾಸ್ಟನ್. ಹೂತವರು ಉಳಿದವುಗಳ ಜಾಗ ಹೇಳದೆಯೇ 2005ರಲ್ಲಿ ತೀರಿಕೊಂಡರು. ನಮ್ಮ ಮೇಷ್ಟ್ರು ಮೊದಲ ದಿನವೇ ಉತ್ತರವನ್ನು ಲಕೋಟೆಗೆ ಹಾಕಿ ಮಗಳ ಕೈಗೆ ಕೊಟ್ಟಿದ್ದರು. ಅವರ ವಯಸ್ಸಿಗೆ ಅದು ಒಳ್ಳೆಯ ಕೆಲಸ.

ಪದ್ಯ ಹೀಗಿತ್ತು:

ಎರಡು ಸೇರಿ ಒಂದಾದಲ್ಲಿ ನಿಲ್ಲು,
ಮತ್ತೆರಡು ಸೇರಿ ಒಂದಾದಲ್ಲಿ ಅಗೆ.

ಈ ಎರಡು ಸಾಲಿಗೆ ಎಷ್ಟು ಅರ್ಥ ಹುಟ್ಟಿತು ಅಂದರೆ ಬರೆದರೆ ಒಂದು ನೋಟ್‌ಬುಕ್ ಬೇಕು. ಮೊದಲ ಚಿತ್ರದಲ್ಲಿ ಇಬ್ಬರು ಹುಡುಗಿಯರು ಕೈ ಹಿಡಿದು ನಿಂತಿದ್ದರು. ನಮ್ಮಲ್ಲಿ ಒಬ್ಬರು ಕನ್ನಡ ಲೆಕ್ಚರರ್ ಇದ್ದಾರೆ. ಅವರ ವಾದ: ರುಕ್ಮಾಂಗದ ದೊಡ್ಡ ಮಗಳಿಗೆ ಹಿರೇಮಗಳೂರು, ಚಿಕ್ಕ ಮಗಳಿಗೆ ಚಿಕ್ಕಮಗಳೂರು ಕೊಟ್ಟ ಕಥೆ ಇದೆ, ಹಾಗಾಗಿ ಎರಡೂ ಕೂಡುವ ಗಡಿಯಲ್ಲೇ ಕುಡಿಕೆ ಇದೆ. ಕೇಳಲು ಚೆನ್ನಾಗಿತ್ತು. ಎರಡನೇ ಚಿತ್ರದಲ್ಲಿ ಒಂದು ಕೈಯಲ್ಲಿ ಕೆಂಪು ರತ್ನ ಇತ್ತು. ಉಳಿದವರೆಲ್ಲ ಊರಿನ ಗುಡ್ಡ ರತ್ನಗಿರಿ ಬೋರೆ ಹತ್ತಿದರು. ನಾನೂ ಆರೇಳು ಭಾನುವಾರ ಅಲ್ಲೇ ಸುತ್ತಿದೆ. ಲಾಯರ್ ಒಬ್ಬರು ಅಕ್ಷರಕ್ಕೆ ಅಂಕೆ ಕೊಡುವ ಕಟಪಯಾದಿ ಲೆಕ್ಕ ಹಾಕಿ ಪದ್ಯದಿಂದ ಒಂದು ನಂಬರ್ ತೆಗೆದರು. ಆ ನಂಬರಿನ ಮನೆ ಇಡೀ ಬಡಾವಣೆಯಲ್ಲೇ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1979ರಲ್ಲಿ ಶುರುವಾದ, ಚಿತ್ರಪುಸ್ತಕ ನೋಡಿ ಹೂತ ಚಿನ್ನದ ಮೊಲ ಹುಡುಕುವ ಆಟದ ವಿಧಾನವನ್ನೂ ನಾನು ಹಾಕಿ ನೋಡಿದೆ. ಅಲ್ಲಿ ಚಿತ್ರದ ಪ್ರಾಣಿಗಳ ಕಣ್ಣಿನಿಂದ ಬೆರಳ ತುದಿಗೆ ಗೆರೆ ಎಳೆದರೆ ಅದು ಅಂಚಿನ ಅಕ್ಷರಕ್ಕೆ ತಾಗುತ್ತಿತ್ತು. ಮೇಷ್ಟ್ರ ಚಿತ್ರದ ಅಂಚಿನಲ್ಲಿ ಅಕ್ಷರ ಇರಲಿಲ್ಲ, ಕಾಫಿ ಎಲೆಯ ಬಳ್ಳಿ ಇತ್ತು. ಎಲೆ ಎಣಿಸಿದೆ. ಒಮ್ಮೆ 61 ಬಂತು, ಇನ್ನೊಮ್ಮೆ 64 ಬಂತು. ಕೈ ಬಿಟ್ಟೆ.

ಇನ್ನು ದುಡ್ಡಿನ ಮಾತು. ಚಿತ್ರಗಳ ದೊಡ್ಡ ಕಲರ್ ಪ್ರಿಂಟ್‌ಗೆ ಎಂಟುನೂರು ಆಯಿತು. ಸೆಕೆಂಡ್ ಹ್ಯಾಂಡ್ ಮೆಟಲ್ ಡಿಟೆಕ್ಟರ್ ಆರೂವರೆ ಸಾವಿರ. ಇದು ನನ್ನ ದೊಡ್ಡ ತಪ್ಪು. ಕುಡಿಕೆ ಮಣ್ಣಿನದು, ಒಳಗೆ ಒಂದು ಸಣ್ಣ ನಾಣ್ಯ. ಪೇಟೆಯ ನೆಲದಲ್ಲಿ ಮೊಳೆ, ತಂತಿ, ಬಾಟಲಿ ಮುಚ್ಚಳ ಎಲ್ಲ ಕೂಗುತ್ತವೆ. ಒಂದು ಭಾನುವಾರ ನಲವತ್ತು ಸಲ ಕೂಗಿತು, ನಲವತ್ತೂ ಕಸ. ಕೊನೆಗೆ ಮೂರು ಸಾವಿರದ ಎಂಟುನೂರಕ್ಕೆ ಮಾರಿದೆ. ಪೆಟ್ರೋಲ್, ಕಾಫಿ-ತಿಂಡಿ ಎಲ್ಲ ಸೇರಿ ಹದಿನಾರು ಸಾವಿರದ ಹತ್ತಿರ ಹೋಗಿದೆ. ನಿಜಕ್ಕೂ ಕೆಲಸಕ್ಕೆ ಬಂದ ಸಾಮಾನು ಒಂದೇ, ಕುಲುಮೆಯಲ್ಲಿ ಮಾಡಿಸಿದ ಚೂಪು ತುದಿಯ ಕಬ್ಬಿಣದ ಸಲಾಕೆ. ಅದಕ್ಕೆ ನೂರೆಂಬತ್ತು ರೂಪಾಯಿ.

ದಾರಿ ಸಿಕ್ಕಿದ್ದು ಒಂದು ತಪ್ಪು ಪ್ರಯೋಗದಿಂದ. ಮೂರನೇ ಚಿತ್ರದಲ್ಲಿ ಒಂದು ಧ್ವಜದ ಕಂಬ ಇತ್ತು. ಅದಕ್ಕೆ ನೆರಳೇ ಇರಲಿಲ್ಲ. ಎಲ್ಲರೂ "ಮೇಷ್ಟ್ರಿಗೆ ವಯಸ್ಸಾಯ್ತು, ಮರೆತಿದ್ದಾರೆ" ಅಂದರು. ನಲವತ್ತು ವರ್ಷ ಮಕ್ಕಳಿಗೆ ನೆರಳು ಹಾಕಲು ಕಲಿಸಿದವರು ಮರೆಯುತ್ತಾರಾ? ನಾನು ಬೇರೆ ಅಂದುಕೊಂಡೆ. ನಮ್ಮ ಊರಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 25 ಮತ್ತು ಆಗಸ್ಟ್ 18ರ ಹೊತ್ತಿಗೆ, ಸೂರ್ಯ ನಡು ನೆತ್ತಿಗೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಚಿತ್ರ ಆ ದಿನವನ್ನು ಹೇಳುತ್ತಿದೆ ಅನ್ನಿಸಿತು. ಏಪ್ರಿಲ್ ಬರುವವರೆಗೆ ಕಾದೆ. ತಾರಸಿಯ ಮೇಲೆ ತೂಗುಗುಂಡು ಹಿಡಿದು ಒಂದು ಪೈಪ್ ನಿಲ್ಲಿಸಿದೆ. ಮಧ್ಯಾಹ್ನ ಹನ್ನೆರಡು ಗಂಟೆಗೆ ನೆರಳು ಇನ್ನೂ ಇತ್ತು. ಹನ್ನೆರಡು ಇಪ್ಪತ್ತೈದರ ಹೊತ್ತಿಗೆ ಪೂರ್ತಿ ಹೋಯಿತು. ನಮ್ಮ ಗಡಿಯಾರದ ಹನ್ನೆರಡು ಅಲಹಾಬಾದ್ ಕಡೆಯ ರೇಖೆಯ ಲೆಕ್ಕ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಅದಕ್ಕೇ ಆ ತಡ. ನೋಡದವರು ಒಮ್ಮೆ ನೋಡಿ. ನನ್ನ ಚಿಕ್ಕ ಮಗ ಪೈಪಿನ ಸುತ್ತ ನೆರಳು ಹುಡುಕುತ್ತಾ ಓಡಾಡಿದ್ದು ಇನ್ನೂ ಕಣ್ಣ ಮುಂದಿದೆ.

ಅಲ್ಲೇ ನಿಂತು ಪ್ರಿಂಟ್ ಬಿಡಿಸಿದೆ. ಚಿತ್ರದಲ್ಲಿ ಕಂಬಕ್ಕೆ ನೆರಳಿಲ್ಲ, ಸರಿ. ಪಕ್ಕದ ಬಾವಿಗೆ ಇದೆ! ಸಿಲ್ವರ್ ಓಕ್ ಮರಕ್ಕೂ ಇದೆ. ಅಂದಮೇಲೆ ಅದು ನೆರಳಿಲ್ಲದ ದಿನ ಅಲ್ಲ. ಮೂರೂ ಚಿತ್ರಗಳನ್ನು ಹಾಸಿಕೊಂಡು ಕೂತೆ. ಕೈ ಹಿಡಿದ ಹುಡುಗಿಯರಿಗೆ ನೆರಳಿಲ್ಲ. ರತ್ನದ ಕೈಗೂ ಇಲ್ಲ. ಧ್ವಜದ ಕಂಬಕ್ಕೂ ಇಲ್ಲ. ಮೇಷ್ಟ್ರು ಮನಸ್ಸಿನಿಂದ ಸೇರಿಸಿದ್ದಕ್ಕೆಲ್ಲ ನೆರಳು ಹಾಕಿಲ್ಲ. ನಿಂತು ನೋಡಿ ಬರೆದದ್ದಕ್ಕೆ ಹಾಕಿದ್ದಾರೆ. ನೆರಳಿಲ್ಲದ್ದನ್ನೆಲ್ಲ ಪೆನ್ಸಿಲಿನಲ್ಲಿ ಹೊಡೆದುಹಾಕಿದೆ. ಅರ್ಧಕ್ಕಿಂತ ಹೆಚ್ಚು ಚಿತ್ರ ಹೋಯಿತು. ಎಂಟು ತಿಂಗಳು ನಾವೆಲ್ಲ ಜಗಳ ಆಡಿದ್ದು ಹೋದ ಆ ಭಾಗದ ಮೇಲೆ.

ಉಳಿದದ್ದು ನನ್ನ ಕಸುಬಿಗೆ ಸೇರಿದ್ದು. ನಾನು ಹನ್ನೊಂದು ವರ್ಷ ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸ-ಲೆಕ್ಕ ನೋಡಿಕೊಳ್ಳುವವನು ಆಗಿದ್ದೆ. ಹೊಸ ಗಿಡಕ್ಕೆ ಲೈನಿಂಗ್ ಮಾಡುವಾಗ, ಅಂದರೆ ಗೂಟ ಹೊಡೆದು ಸಾಲು ಗುರುತಿಸುವಾಗ, ಏನು ಮಾಡುತ್ತೇವೆ? ಒಂದು ಕಣ್ಣು ಮುಚ್ಚಿ ನೋಡುತ್ತೇವೆ. ಮುಂದಿನ ಗೂಟ ಹಿಂದಿನ ಗೂಟವನ್ನು ಮುಚ್ಚಿದರೆ ನಾವು ಸಾಲಿನಲ್ಲೇ ಇದ್ದೇವೆ ಅಂತ ಅರ್ಥ. ಮೊದಲ ಚಿತ್ರದಲ್ಲಿ ಒಂದು ಗೋಪುರದ ತುದಿ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಸರಿಯಾಗಿ ಕೂತಿತ್ತು. ಎರಡು ಸೇರಿ ಒಂದಾದಲ್ಲಿ ನಿಲ್ಲು! ಅವು ಎಲ್ಲೋ ಹೋಗಿ ಸೇರುವುದಲ್ಲ, ನಮ್ಮ ಕಣ್ಣಲ್ಲಿ ಸೇರುವುದು. ಗಿರಿ ಪೇಟೆಯಿಂದ ವಾಯವ್ಯಕ್ಕೆ ಹತ್ತು ಕಿಲೋಮೀಟರ್ ದೂರ ಇದೆ, ಅಲ್ಲಾಡುವುದಿಲ್ಲ. ಗೋಪುರವೂ ಅಲ್ಲಾಡುವುದಿಲ್ಲ. ಹಾಗಾದರೆ ಮೇಷ್ಟ್ರು ಕೂತು ಬರೆದದ್ದು ಅವೆರಡನ್ನೂ ಸೇರಿಸಿ ಇತ್ತ ಎಳೆದ ಗೆರೆಯ ಮೇಲೆಯೇ. ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರೂ ಒಪ್ಪಲಿಲ್ಲ. ಲೆಕ್ಚರರ್ ಅಂತೂ, "ರೈಟರೇ, ನೀವು ಕಲೆಗೆ ಗೂಟ ಹೊಡೀತಿದ್ದೀರಿ" ಅಂದರು.

ಇದನ್ನು ಮಾಡಿ ನೋಡುವವರಿಗೆ ಒಂದು ಮಾತು. ಚಿತ್ರವನ್ನು ಅಡ್ಡಕ್ಕೆ ನಂಬಿ, ಎತ್ತರಕ್ಕೆ ನಂಬಬೇಡಿ. ಬರೆಯುವವರು ಬೆಟ್ಟವನ್ನು ಯಾವಾಗಲೂ ಎತ್ತರಿಸುತ್ತಾರೆ. ಮೇಷ್ಟ್ರೂ ಎತ್ತರಿಸಿದ್ದರು. ಎಡ-ಬಲದಲ್ಲಿ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೋಪುರ ಸಾವಿರ ಅಡಿ ದೂರದಲ್ಲಿದ್ದರೆ, ನೀವು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೂ ತುದಿ ನೆತ್ತಿಯಿಂದ ಜಾರಿದ್ದು ಕಾಣುತ್ತದೆ.

ಮೇ ತಿಂಗಳಲ್ಲಿ ಮೊದಲ ಗೆರೆ ಸಿಕ್ಕಿತು. ಗೆರೆಯ ಮೇಲೆ ಮನೆ, ಅಂಗಡಿ ಬಿಟ್ಟರೆ ಗಿರಿ ಕಾಣುವ ಖಾಲಿ ಜಾಗ ನಾಲ್ಕೇ. ನೆರಳಿದ್ದ ಬಾವಿ ಇದ್ದದ್ದು ಒಂದರಲ್ಲಿ ಮಾತ್ರ. ಜಾಗದ ಯಜಮಾನರನ್ನು ಕೇಳಿದೆ. ಅವರು ನಕ್ಕು, "ಮೇಷ್ಟ್ರು ಹೇಳಿದ್ದಾರೆ, ಬನ್ನಿ" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಗೆರೆಯಲ್ಲಿ ಎಡವಿದೆ. ಎರಡನೇ ಚಿತ್ರದಲ್ಲಿ ಒಂದು ಸಿಲ್ವರ್ ಮರ ದೂರದ ಟವರನ್ನು ಮುಚ್ಚಿತ್ತು. ಅದನ್ನೇ ಹಿಡಿದೆ. ಆದರೆ ಆ ಗೆರೆ ಮೊದಲನೆಯದರ ಜೊತೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಓಡುತ್ತಿತ್ತು. ಹಾಗಿರುವ ಎರಡು ಗೆರೆ ಎಲ್ಲಿ ಕತ್ತರಿಸುತ್ತವೆ ಅಂತ ಹೇಳುವುದೇ ಕಷ್ಟ. ನನಗೆ ಸಿಕ್ಕಿದ್ದು ಮೂವತ್ತು ನಲವತ್ತು ಅಡಿ ಉದ್ದದ ಪಟ್ಟಿ. ಬೇಸಿಗೆಯ ನೆಲ ಬೇರೆ, ಸಲಾಕೆ ಒಂದು ಗೇಣೂ ಇಳಿಯಲಿಲ್ಲ. ಮೂರು ಗುಂಡಿ ತೋಡಿದೆ, ಮೂರನ್ನೂ ಮುಚ್ಚಿದೆ. ಸಂಜೆ ಹೊತ್ತು ಸಲಾಕೆ ಹಿಡಿದು ಓಡಾಡುವವನನ್ನು ಕಂಡು ಪಕ್ಕದ ಬೀದಿಯವರು ಬಂದರು. ನಿಧಿ ಕಳ್ಳ ಅಂದುಕೊಂಡಿದ್ದರು. ಅವರ ತಪ್ಪಿಲ್ಲ. ನಮ್ಮ ಜಿಲ್ಲೆಯಲ್ಲಿ ನಿಧಿ ಆಸೆಗೆ ಹಳೇ ಗುಡಿ ಅಗೆದು ಹಾಳು ಮಾಡಿದವರು ಕಡಿಮೆ ಇಲ್ಲ. ಅಂಥವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಯಜಮಾನರೇ ಬಂದು ಬಿಡಿಸಿದರು. ಮಾರನೇ ದಿನ ಮೇಷ್ಟ್ರಿಂದಲೂ ಅವರಿಂದಲೂ ಸಹಿ ಮಾಡಿದ ಚೀಟಿ ತೆಗೆದುಕೊಂಡೆ. ನೀವೂ ಚೀಟಿ ಇಲ್ಲದೆ ಹೋಗಬೇಡಿ. ಗುಡಿ, ಕೋಟೆ, ಹಳೇ ಕಲ್ಲಿನ ಹತ್ತಿರವಂತೂ ಹೋಗಲೇಬೇಡಿ. 1878ರಿಂದಲೂ ಇರುವ ಕಾನೂನಿನ ಪ್ರಕಾರ, ನಿಜವಾದ ನಿಧಿ ಸಿಕ್ಕರೆ, ಅದರ ಬೆಲೆ ಹತ್ತು ರೂಪಾಯಿ ಮೀರಿದರೂ ಕಲೆಕ್ಟರ್‌ಗೆ ತಿಳಿಸಬೇಕು.

ಜೂನ್‌ನಲ್ಲಿ ಮಳೆ ಹಿಡಿಯಿತು. ಗಿರಿ ಮೋಡದಲ್ಲಿ ಮುಳುಗಿತು. ಇರಲಿ, ಗೂಟ ಹೊಡೆದಿದ್ದೇನಲ್ಲ ಅಂದುಕೊಂಡಿದ್ದೆ. ಜುಲೈನಲ್ಲಿ ಹೋಗಿ ನೋಡಿದರೆ ಕಳೆ ತೆಗೆಯುವವರು ಗೂಟ ಕಿತ್ತು ಬೇಲಿಗೆ ಹಾಕಿದ್ದರು. ಗೋಡೆಯ ಮೂಲೆಯಿಂದ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಂಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಮಳೆಗಾಲ ಪೂರ್ತಿ ಚಿತ್ರ ನೋಡುತ್ತಾ ಕೂತೆ. ಮೂರನೇ ಚಿತ್ರದಲ್ಲಿ ಬಾವಿ ಇತ್ತಲ್ಲ, ಅದರ ರಾಟೆ ಕಂಬದ ಹಿಂದೆ ನೀರಿನ ಟ್ಯಾಂಕಿನ ಮೂರೇ ಕಾಲು ಕಾಣುತ್ತಿದ್ದವು. ಟ್ಯಾಂಕಿಗೆ ಕಾಲು ನಾಲ್ಕು. ನಾಲ್ಕನೆಯದು ಕಂಬದ ಹಿಂದೆ ಅಡಗಿತ್ತು! ಮತ್ತೆರಡು ಸೇರಿ ಒಂದಾದಲ್ಲಿ ಅಗೆ. ಆ ಗೆರೆ ಮೊದಲ ಗೆರೆಗೆ ಸರಿಯಾಗಿ ಅಡ್ಡ ಬರುತ್ತಿತ್ತು. ಮೂಲೆಮಟ್ಟ ಇಟ್ಟ ಹಾಗೆ. ನಾಲ್ಕರಲ್ಲಿ ಯಾವ ಕಾಲು ಅಡಗಿದೆ ಅಂತ ತಿಳಿಯಲು ನಾನು ಮಾಡಿದ್ದನ್ನು ಇಲ್ಲಿ ಹೇಳಲ್ಲ. ಮುಂದಿನ ಸಲ ನನಗೇ ಬೇಕಾಗುತ್ತದೆ.

ಅಕ್ಟೋಬರಿನ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಗಿರಿ ತೊಳೆದಿಟ್ಟ ಹಾಗೆ ಕಾಣಿಸಿತು. ಭಾವನನ್ನು ಜೊತೆಗೆ ಕರೆದುಕೊಂಡು ಹೋದೆ. ಅವನು ಗೂಟ ಹಿಡಿದ, ನಾನು ಒಂದು ಕಣ್ಣು ಮುಚ್ಚಿ "ಎಡಕ್ಕೆ, ಇನ್ನೂ ಎಡಕ್ಕೆ" ಅಂದೆ. ಎರಡು ಹಗ್ಗ ಕಟ್ಟಿದೆವು. ಮಳೆ ನೆನೆಸಿದ ನೆಲದಲ್ಲಿ ಸಲಾಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಹಗ್ಗ ಕೂಡಿದ ಕಡೆಯಿಂದ ಗೇಣಿಗೊಂದರಂತೆ ಚುಚ್ಚುತ್ತಾ ಸುತ್ತ ಹೋದೆ. ಇಪ್ಪತ್ತನೆಯದೋ ಇಪ್ಪತ್ತೈದನೆಯದೋ ಚುಚ್ಚಿಗೆ ಒಂದೂವರೆ ಅಡಿ ಕೆಳಗೆ ಸದ್ದು ಬೇರೆಯಾಯಿತು. ಅಲ್ಲಿಂದ ಮುಂದೆ ಕೈಯಲ್ಲೇ ಮಣ್ಣು ತೆಗೆದೆ. ಕುಡಿಕೆಯ ಬಾಯಿಗೆ ಮೇಣ ಹಾಕಿದ್ದರು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತು ಗ್ರಾಂ ಬೆಳ್ಳಿ ನಾಣ್ಯ, ಮೇಷ್ಟ್ರ ದುಂಡು ಅಕ್ಷರದ ಒಂದು ಕಾಗದ. "ನನ್ನ ಕಣ್ಣಿನಿಂದ ನೋಡಿದವರಿಗೆ" ಅಂತ ಬರೆದಿತ್ತು. ನನಗೆ ಅಲ್ಲೇ ಕಣ್ಣು ತುಂಬಿತು. ಭಾವ ಬಾವಿಕಟ್ಟೆಯ ಮೇಲೆ ಕೂತುಬಿಟ್ಟ.

ಬಹುಮಾನ ಒಂಬತ್ತು ಸಾವಿರ ಬಂತು. ಖರ್ಚಿನ ಲೆಕ್ಕದಲ್ಲಿ ಇದು ನಷ್ಟವೇ. ನಾಣ್ಯವನ್ನು ದೇವರ ಮನೆಯಲ್ಲಿಟ್ಟಿದ್ದೇವೆ. ಲೆಕ್ಚರರ್ ಮನೆಗೇ ಬಂದು ಕೈ ಹಿಡಿದು, "ಗೂಟ ಸರಿಯಾಗಿತ್ತು ರೈಟರೇ" ಅಂದರು. ಅದು ನನಗೆ ಬಹುಮಾನಕ್ಕಿಂತ ಜಾಸ್ತಿ.

ಫ್ರಾನ್ಸಿನಲ್ಲಿ ಇಂಥದೇ ಆಟಕ್ಕೆ 1993ರಲ್ಲಿ ಹೂತ ಗೂಬೆಯ ಗೊಂಬೆ 2024ರಲ್ಲಿ ಸಿಕ್ಕಿತು, ನಿನ್ನದು ಹದಿನಾಲ್ಕೇ ತಿಂಗಳು ಅಂತ ಮೇಷ್ಟ್ರು ಬೆನ್ನು ತಟ್ಟಿದರು. ಈಗ ಹೊಸ ಚಿತ್ರ ಬರೆಯುತ್ತಿದ್ದಾರೆ. ಈ ಸಲ ಎಲ್ಲದಕ್ಕೂ ನೆರಳು ಹಾಕುತ್ತಾರಂತೆ. ನನ್ನ ಐನೂರು ರೂಪಾಯಿ ಆಗಲೇ ಕೊಟ್ಟಾಗಿದೆ.